ಮುಂದಿನ ಪಾಪು

‘ಮುಂದಿನ ಪಾಪು ಯಾವುದ್ರೀ?’ ಎಂದು ಸಿಸ್ಟರ್ ಮಾಲಾ ತಲೆ ಎತ್ತದೆ ಕೇಳಿದಾಗ ಎದ್ದು ನಿಂತವನು ನಿಂಗರಾಜ್.

ವಯಸ್ಸು ಮೂವತ್ತೇಳು. ನ್ಯಾಮತಿಯ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಮುಖಕ್ಕೆ ಮಾಸ್ಕು, ಕೈಯಲ್ಲಿ ಮಂಜುಗಡ್ಡೆ ತುಂಬಿದ ಚಹಾದ ಫ್ಲಾಸ್ಕು. ಸಾಸ್ವೆಹಳ್ಳಿ ಅಂಗನವಾಡಿಯ ಚಾಪೆಯ ಮೇಲೆ ಕೂಸುಗಳನ್ನು ತೊಡೆಗೆ ಹಾಕಿಕೊಂಡು ಕೂತಿದ್ದ ತಾಯಂದಿರು ಮೊದಲು ಅವನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು.

‘ಸಾರ್, ಇದು ಮಕ್ಕಳ ಲಸಿಕೆ.’

‘ಗೊತ್ತು. ನಿಮ್ಮ ಡಾಕ್ಟ್ರು ಫೋನ್ ಮಾಡಿರಬೇಕಲ್ಲ.’

‘ಓ... ಆ ಬ್ಲಡ್ ಕ್ಯಾನ್ಸರ್ ಸಾರ್ ನೀವೇನಾ?’

ಹೌದು, ಆ ಬ್ಲಡ್ ಕ್ಯಾನ್ಸರ್ ಸಾರ್ ಅವನೇ. ಊರಲ್ಲಿ ಈಗ ಅವನಿಗಿರುವುದು ಇದೊಂದೇ ಪದವಿ. ಎಂಎಸ್ಸಿ ಯಾರಿಗೂ ನೆನಪಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಔಷಧಿ ಹರಿಸಿ ಅವನ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಸುಟ್ಟು ಹಾಕಿ, ತಮ್ಮ ಕಲ್ಲೇಶನ ರಕ್ತದಿಂದ ಸೋಸಿ ತೆಗೆದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಅಲ್ಲಿ ಬಿತ್ತಿದ್ದರು. ಬೆಳೆ ಚೆನ್ನಾಗಿಯೇ ಬಂತು. ಆದರೆ ಹಳೆಯ ಮಜ್ಜೆಯ ಜೊತೆಗೆ ಹುಟ್ಟಿದಾಗಿನಿಂದ ಹಾಕಿಸಿಕೊಂಡ ಲಸಿಕೆಗಳೂ ತೊಳೆದುಹೋದವು. ಹೀಗಾಗಿ ಎಲ್ಲ ಮೊದಲಿಂದ ಶುರು. ‘ನಿಮಗೂ ನಿಮ್ಮ ಮಗಳಿಗೂ ಈಗ ಒಂದೇ ವಯಸ್ಸು’ ಎಂದು ಡಾಕ್ಟರು ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿದ, ಸಿಗಲಿಲ್ಲ.

ಮಗಳು ಇಂಚರಾ ಹುಟ್ಟಿದ್ದು ಅವನು ಆಸ್ಪತ್ರೆ ಸೇರಿದ ತಿಂಗಳಲ್ಲೇ. ತೊಟ್ಟಿಲಿಗೆ ಹಾಕಿದ್ದನ್ನು ಅವನು ನೋಡಿದ್ದು ಫೋನಿನಲ್ಲಿ. ಮನೆಗೆ ಬಂದರೆ ಯಾರದಾದರೂ ನೆಗಡಿ ತಗುಲೀತೆಂದು ನ್ಯಾಮತಿಯಲ್ಲಿ ಒಂದು ಮಹಡಿ ಮನೆ ಹಿಡಿದು ಒಬ್ಬನೇ ಇದ್ದ. ಮಗುವಿಗೆ ಸಾಸ್ವೆಹಳ್ಳಿಯಲ್ಲಿ ಅವನ ಹೆಂಡತಿ ಅನಿತಾ, ಅವ್ವ, ಕಲ್ಲೇಶ ಇವರ ನಡುವೆ ಹಲ್ಲು ಬಂದು, ಹೆಜ್ಜೆ ಬಂದು, ಮಾತೂ ಬಂತು. ಬಂದ ಮೊದಲ ಮಾತು ‘ಅಪ್ಪ’. ಅಂದದ್ದು ಕಲ್ಲೇಶನಿಗೆ. ‘ಕಾಕ ಅನ್ನೇ ನಮ್ಮವ್ವಾ’ ಎಂದು ಕಲ್ಲೇಶ ಕೈ ಮುಗಿದು ಬೇಡಿಕೊಂಡರೂ ಅವಳು ಕೇಳಲಿಲ್ಲ.

ಹತ್ತು ದಿನದ ಹಿಂದೆ, ಇನ್ನು ಮನೆಗೆ ಹೋಗಬಹುದು, ಮಗುವನ್ನು ಎತ್ತಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ಅಂದಿನಿಂದ ನಿಂಗರಾಜ್ ಜಗಲಿಯ ಮೇಲೆ ಕೂತು ‘ಬಾ’ ಎಂದು ಕೈ ಚಾಚುತ್ತಾನೆ. ಇಂಚರಾ ಮಾಸ್ಕಿನ ಮುಖ ನೋಡಿ ಹೌಹಾರಿ ಕಲ್ಲೇಶನ ಕಾಲ ಹಿಂದೆ ಅಡಗುತ್ತಾಳೆ. ‘ಹೊಸಬರು ಅಲ್ವಾ’ ಎಂದು ಅವ್ವ ಸಮಾಧಾನ ಹೇಳುತ್ತಾಳೆ. ಹೆತ್ತ ಮಗಳಿಗೆ ಹೊಸಬನಾಗುವುದು ಹೇಗೆಂದು ಅವನ ಪಠ್ಯಪುಸ್ತಕದಲ್ಲಿ ಇಲ್ಲ.

ಬೆಳಿಗ್ಗೆ ಹೊನ್ನಾಳಿಯ ಆಫೀಸಿಗೆ ಬಸ್ಸು ಹಿಡಿಯುವ ಅವಸರದಲ್ಲಿ ಅನಿತಾ ಫ್ಲಾಸ್ಕಿನೊಳಗೆ ಲಸಿಕೆಯ ಎರಡು ಬಾಟ್ಲಿ ಇಟ್ಟಿದ್ದಳು.

‘ಒಂದು ನಿಮ್ದು, ಒಂದು ಇಂಚರಾಂದು. ಪೋಲಿಯೋ ಹನಿ ಮಾತ್ರ ಹಾಕಾಕೆ ಬಿಡಬ್ಯಾಡ್ರಿ. ಬದ್ಲಿಗೆ ಈ ಇಂಜೆಕ್ಷನ್ ಹಾಕಿ ಅಂತ ನೀವೇ ಹೇಳ್ರಿ. ಹೇಳ್ತೀರಲ್ಲ?’

‘ಹ್ಞೂಂ.’

‘ಹ್ಞೂಂ ಅಂದ್ರೆ?’

‘ಹೇಳ್ತೀನಿ.’

ಹನಿಯಲ್ಲಿರುವುದು ಜೀವ ಇರುವ ವೈರಸ್ಸು. ಮಗುವಿಗೆ ಏನೂ ಮಾಡುವುದಿಲ್ಲ. ಆದರೆ ಮಗುವಿನಿಂದ ಅವನಿಗೆ ದಾಟಿದರೆ ಅಪಾಯ. ಹನಿ ಬಿತ್ತೋ, ಒಂದೂವರೆ ತಿಂಗಳು ಅವನು ಮಗುವನ್ನು ಮುಟ್ಟುವ ಹಾಗಿಲ್ಲ. ಮತ್ತೆ ನ್ಯಾಮತಿಯ ಮಹಡಿಯೇ ಗತಿ.

ಹೊಸಿಲು ದಾಟಿದವಳು ತಿರುಗಿ ಬಂದು ಹೇಳಿದ್ದಳು: ‘ಚುಚ್ಚಿದ ಮ್ಯಾಲೆ ಅಳ್ತಾಳೆ. ಆಗ ನೀವೇ ಎತ್ಕಳ್ರಿ. ಅತ್ತಾಗ ಎತ್ಕಂಡೋರಿಗೇ ಮಕ್ಕಳು ಒಲಿಯಾದು.’

ಈಗ ಮಾಲಾ ಫ್ಲಾಸ್ಕಿನೊಳಗೆ ಇಣುಕಿ ಕೇಳಿದಳು. ‘ಇನ್ನೊಂದು ಯಾರಿಗೆ ಸಾರ್?’

ಜೊತೆಗೆ ಬಂದಿದ್ದ ಕಲ್ಲೇಶನ ಹೆಗಲ ಮೇಲೆ ಇಂಚರಾ ಅವನ ಅಂಗಿಯ ಕಾಲರು ಚೀಪುತ್ತಿದ್ದಳು.

‘ಇರಲಿ. ಆಮೇಲೆ ಹೇಳ್ತೀನಿ.’

ಈ ‘ಆಮೇಲೆ’ ಎಂಬ ಊರಿಗೆ ನಿಂಗರಾಜ್ ಚಿಕ್ಕಂದಿನಿಂದ ಟಿಕೆಟ್ ತೆಗೆಯುತ್ತಲೇ ಬಂದಿದ್ದಾನೆ. ಇನ್ನೂ ತಲುಪಿಲ್ಲ.

ನಿಂಗರಾಜ್ ಅಂಗಿಯ ತೋಳು ಮಡಚಿ ಕೂತ. ಆಶಾ ಕಾರ್ಯಕರ್ತೆ ಚೌಡಕ್ಕನಿಗೆ ಅಭ್ಯಾಸಬಲವೋ ಕುಚೋದ್ಯವೋ, ಸೂಜಿ ಹತ್ತಿರ ಬರುತ್ತಿದ್ದಂತೆ ಕಿಟಕಿಯ ಕಡೆ ಕೈ ತೋರಿಸಿ, ‘ಅಗಾ ಅಲ್ಲಿ ಕಾಗಿ ನೋಡ್ರಿ ಮೇಷ್ಟ್ರೆ, ಕಾಗಿ!’ ಎಂದಳು. ಅವನು ನಿಜವಾಗಿಯೂ ನೋಡಿದ. ಕಾಗೆ ಇರಲಿಲ್ಲ. ಅಷ್ಟರಲ್ಲಿ ಚುಚ್ಚಿ ಆಗಿತ್ತು.

‘ನಿಧಾನಕ್ಕೆ ಸಿಸ್ಟರ್, ಒಳಗಿರೋದು ನನ್ನ ರಕ್ತ,’ ಎಂದ ಕಲ್ಲೇಶ.

‘ಹಂಗಾದ್ರೆ ಬಾ, ನಿನಗೂ ಒಂದು ಚುಚ್ಚಾನ,’ ಎಂದಳು ಚೌಡಕ್ಕ. ಚಾಪೆಗೆ ಚಾಪೆಯೇ ನಕ್ಕಿತು.

ಸುಳ್ಳಲ್ಲ. ನಿಂಗರಾಜ್‌ನ ರಕ್ತದ ಗುಂಪು ಕೂಡ ಬದಲಾಗಿ ತಮ್ಮನದೇ ಆಗಿದೆ. ಅವ್ವನ ಪ್ರಕಾರ ಮಿರ್ಚಿ-ಮಂಡಕ್ಕಿ ಕಂಡರೆ ಬಾಯಿ ಬಿಡುವ ಚಾಳಿಯೂ ಅಲ್ಲಿಂದಲೇ ಬಂದದ್ದು. ರಕ್ತಸಂಬಂಧ ಅನ್ನುವುದೇ ನಿಜವಾದರೆ, ಲೆಕ್ಕಕ್ಕೆ ಈಗ ಇಂಚರಾಳಿಗೆ ತಾನೇ ಕಾಕ ಎಂದು ಅವನಿಗೆ ಹೊಳೆಯಿತು. ಹೇಳಿದ್ದರೆ ಎಲ್ಲರೂ ಇನ್ನಷ್ಟು ನಗುತ್ತಿದ್ದರು.

ಹತ್ತಿ ಒತ್ತಿ ಹಿಡಿದು ಗೋಡೆಗೆ ಒರಗಿದಾಗ ಫೋನು ಬಂತು. ಆಸ್ಪತ್ರೆಯ ಸಂಧ್ಯಾರಾಣಿ. ಕಸಿಯಾದವರ ಬದುಕು ಹೇಗಿದೆ ಎಂಬ ಸಂಶೋಧನೆಯಲ್ಲಿ ಅವನೂ ಒಬ್ಬ; ಆಗಾಗ ಕರೆ ಮಾಡಿ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾಳೆ.

‘ಕಳೆದ ಏಳು ದಿನಗಳಲ್ಲಿ ನಿಮಗೆ ವಾಕರಿಕೆ ಉಂಟಾಗಿದೆಯೇ ಸರ್? ಇಲ್ಲ, ಸ್ವಲ್ಪ, ಸುಮಾರು, ತುಂಬಾ?’

‘ಇಲ್ಲ.’

‘ನಿಮ್ಮ ಕುಟುಂಬದವರಿಗೆ ನೀವು ಹತ್ತಿರವಾಗಿದ್ದೀರಿ ಅನ್ನಿಸಿತೇ?’

‘ಅಂದ್ರೆ?’

‘ಅದನ್ನು ನಾವು ವಿವರಿಸುವ ಹಾಗಿಲ್ಲ ಸರ್. ನಾಲ್ಕರಲ್ಲಿ ಒಂದು ಹೇಳಿ.’

ಕುಟುಂಬದವಳು ಒಂದು ಮಾರು ದೂರದಲ್ಲಿ ಬೇರೊಬ್ಬನ ಹೆಗಲಿಗೆ ಜೊಲ್ಲು ಸುರಿಸುತ್ತಿದ್ದಳು.

‘ತುಂಬಾ,’ ಎಂದ.

‘ನಿಮ್ಮ ದೇಹ ನಿಮ್ಮದೇ ಅನ್ನಿಸಿತೇ?’

‘ತುಂಬಾ.’

‘ಧನ್ಯವಾದ ಸರ್. ತುಂಬಾ ಒಳ್ಳೆಯ ಉತ್ತರಗಳು.’

ತನ್ನ ಸುಳ್ಳುಗಳಿಂದ ಯಾರಿಗೋ ಪಿಎಚ್‌ಡಿ ಸಿಗುವುದಾದರೆ ಸಿಗಲಿ, ಪುಣ್ಯದ ಕೆಲಸ ಎಂದುಕೊಂಡು ಫೋನನ್ನು ಜೇಬಿಗಿಟ್ಟ.

‘ಇಂಚರಾ ಅಪ್ಪ ಯಾರು? ಪಾಪೂನ ತೊಡಿ ಮ್ಯಾಲೆ ಕೂರ್ಸ್ಕಳ್ರಿ,’ ಎಂದು ಮಾಲಾ ಕರೆದಳು.

ಕಲ್ಲೇಶ ರೂಢಿಯಿಂದ ಮುಂದೆ ಬಂದವನು ಅಣ್ಣನ ಮುಖ ನೋಡಿ ನಿಂತ. ಮಗುವನ್ನು ಅವನ ತೊಡೆಯ ಮೇಲಿಟ್ಟು, ‘ಬೈಕು ಬಿಸ್ಲಾಗೆ ನಿಲ್ಸೀನಿ, ನೆಳ್ಳಿಗೆ ಹಾಕಿ ಬರ್ತೀನಿ’ ಎಂದು ಹೊರಗೆ ಹೋದ. ಬೈಕು ನಿಂತಿದ್ದದ್ದೇ ನೆರಳಲ್ಲಿ. ನಿಂಗರಾಜ್‌ಗೂ ಗೊತ್ತು. ತಮ್ಮ ಇಷ್ಟು ಪ್ರೀತಿಯಿಂದ ಸುಳ್ಳು ಹೇಳಿದ್ದು ಅವನಿಗೆ ಸೂಜಿಗಿಂತ ಹೆಚ್ಚು ನೋಯಿತು.

ಇಂಚರಾ ಸೂಜಿಗೂ ಕಾಯಲಿಲ್ಲ. ಬಾಗಿಲ ಕಡೆ ಕೈ ಚಾಚಿ ‘ಅಪ್ಪಾ! ಅಪ್ಪಾ!’ ಎಂದು ಕಿರುಚತೊಡಗಿದಳು. ಹಿಮ್ಮಡಿಯಿಂದ ಅವನ ಹೊಟ್ಟೆಗೆ ಒದ್ದಳು.

‘ಇಲ್ಲೇ ಅದಾರಲ್ಲೇ ನಿಮ್ಮಪ್ಪ,’ ಎಂದು ಚೌಡಕ್ಕ ಅವಳ ಗದ್ದ ಹಿಡಿದು ಮುಖವನ್ನು ಅವನ ಕಡೆ ತಿರುಗಿಸಿದಳು. ಮಗು ಒಂದು ಸಲ ನೋಡಿ, ಉಸಿರು ಕಟ್ಟಿ, ಊರೇ ಹಾರಿಹೋಗುವಂತೆ ಚೀರಿತು. ಹೆಂಗಸರು ನಕ್ಕರು. ಅವನೂ ನಕ್ಕ.

ತೊಡೆಗೊಂದು ಸೂಜಿ, ತೋಳಿಗೊಂದು ಸೂಜಿ. ಆಮೇಲೆ ಮಾಲಾ ಐಸಿನ ಡಬ್ಬಿಯಿಂದ ಪುಟ್ಟ ಹನಿ ಬಾಟ್ಲಿ ತೆಗೆದಳು. ಚೌಡಕ್ಕ ಎರಡು ಬೆರಳಿನಿಂದ ಮಗುವಿನ ಕೆನ್ನೆ ಒತ್ತಿ ಬಾಯಿ ತೆರೆಸಿದಳು.

‘ಸಿಸ್ಟರ್, ಹನಿ ಬೇಡ.’ ಇಷ್ಟೇ ಮಾತು. ನಾಲಗೆಯ ತುದಿಗೆ ಬಂದು ಕೂತಿತ್ತು.

ಆಗಲೇ ಅವನಿಗೆ ಇನ್ನೊಂದು ಹೊಳೆದದ್ದು. ಹನಿ ಬಿದ್ದರೆ ಒಂದೂವರೆ ತಿಂಗಳು ಅವನು ಕೈ ಚಾಚಬೇಕಾಗಿಯೇ ಇಲ್ಲ. ಮಗಳು ಅವನ ಹತ್ತಿರ ಬರುವುದಿಲ್ಲ ಎಂದು ಯಾರೂ ಆಡಿಕೊಳ್ಳುವುದಿಲ್ಲ. ಪಾಪ, ಮುಟ್ಟಬಾರದಂತೆ ಎನ್ನುತ್ತಾರೆ. ಬೇಡ ಅಂದದ್ದು ಮಗುವಲ್ಲ, ಡಾಕ್ಟರು ಎಂದಾಗುತ್ತದೆ. ನ್ಯಾಮತಿಯ ಮಹಡಿಯಲ್ಲಿ ಅವನನ್ನು ನೋಡಿ ಯಾರೂ ಚೀರುವುದಿಲ್ಲ. ಅವನಿಗೆ ಎಷ್ಟು ಹಾಯೆನಿಸಿತೆಂದರೆ, ಹನಿ ಹೊರಗೆ ಚೆಲ್ಲದ ಹಾಗೆ ಮಗುವಿನ ತಲೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡ.

ಒಂದು. ಎರಡು.

‘ಅಣ್ಣಾ!’ ಬಾಗಿಲಲ್ಲಿ ಕಲ್ಲೇಶ. ‘ಹನಿ ಬ್ಯಾಡ ಅಂದಿದ್ರಲ್ಲ ಅತ್ತಿಗೆ? ಹೇಳ್ಲಿಲ್ವೇನು?’

‘ಮರೆತೆ.’

‘ಅಯ್ಯೋ, ಆ ಇನ್ನೊಂದು ಬಾಟ್ಲಿ ಇದಕ್ಕೇನಾ ಸಾರ್?’ ಮಾಲಾ ಹಣೆ ಚಚ್ಚಿಕೊಂಡಳು. ‘ಮಕ್ಕಳಿಗೆ ಪಾಠ ಹೇಳೋರು, ಒಂದು ಮಾತು ಹೇಳಾಕೆ ಆಗ್ಲಿಲ್ವಾ? ನಾನೂ ಕೇಳ್ಬೇಕಿತ್ತು ನೋಡ್ರಿ. ಇನ್ನು ಮುಟ್ಟಬ್ಯಾಡ್ರಿ ಮಗೂನ, ಕೈ ತೊಳ್ಕಳ್ರಿ ಮೊದ್ಲು.’ ಇಂಚರಾಳನ್ನು ಅವನ ತೊಡೆಯಿಂದ ಸರಕ್ಕನೆ ಎತ್ತಿ ಚಾಪೆಯ ಮೇಲೆ ಬಿಟ್ಟಳು.

ಮಾತಿಗೆ ಮೊದಲು ಮಾತಾಡುವ ಕಲ್ಲೇಶ ಅಣ್ಣನನ್ನೇ ನೋಡುತ್ತಾ ನಿಂತ.

ನಿಂಗರಾಜ್ ಕೈ ತೊಳೆದು ಬಂದ. ಒದೆದಾಟದಲ್ಲಿ ಮಾಸ್ಕು ಗದ್ದಕ್ಕೆ ಜಾರಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಇಂಚರಾ ಬಿಕ್ಕುತ್ತಾ, ತುಟಿಗಂಟಿದ ಹನಿಯನ್ನು ನೆಕ್ಕುತ್ತಾ ತಲೆ ಎತ್ತಿದಳು. ಇಡೀ ಮುಖ ಅವಳು ಕಂಡದ್ದು ಇದೇ ಮೊದಲು. ಬಿಕ್ಕಳಿಕೆ ನಿಂತಿತು. ಮೂಗು ನೋಡಿದಳು, ಬಾಯಿ ನೋಡಿದಳು. ಅಲ್ಲಿ ಏನು ಕಂಡಳೋ, ನಾಲ್ಕು ಹಲ್ಲು ಬಿಟ್ಟು ನಕ್ಕಳು. ಎದ್ದು, ಎರಡೂ ಕೈ ಮೇಲೆತ್ತಿ, ‘ಎತ್ತು’ ಎನ್ನುವಂತೆ ಅವನ ಕಡೆ ನಡೆದು ಬಂದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ.

ಅವಳಿಗೆ ಅದು ಆಟ ಅನ್ನಿಸಿತು. ಕಿಲಕಿಲನೆ ನಕ್ಕು ಇನ್ನೂ ಬೇಗ ಬಂದಳು. ಅವನು ಇನ್ನೆರಡು ಹೆಜ್ಜೆ ಸರಿದ. ಏನಾಯಿತೆಂದು ತಿಳಿಯದ ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟತೊಡಗಿದರು. ‘ಹಿಡಿ, ಹಿಡಿ ನಿಮ್ಮಪ್ಪನ್ನ!’

‘ಕಲ್ಲೇಶ, ಎತ್ಕಳೋ,’ ಎಂದ ನಿಂಗರಾಜ್.

ಕಲ್ಲೇಶ ಎತ್ತಿಕೊಳ್ಳಲಿಲ್ಲ.

ತೂಕದ ಮಿಷನ್ನು ಸುತ್ತಿ, ಗೋಡೆಯ ಮೇಲಿನ ಹಣ್ಣುಗಳ ಚಿತ್ರ ದಾಟಿ, ನಿಂಗರಾಜ್ ಬೆನ್ನು ಮುಂದಾಗಿ ಬಾಗಿಲಿಗೆ ಬಂದ, ಹೊಸಿಲು ಇಳಿದ, ಅಂಗಳದ ಬಿಸಿಲಿಗೆ ಬಂದ. ಇಂಚರಾ ಹೊಸಿಲ ಮೇಲೆ ಬೋರಲಾಗಿ, ಕಾಲು ಇಳಿಬಿಟ್ಟು, ಮೆಲ್ಲನೆ ನೆಲ ಮುಟ್ಟಿ, ಅವನು ಎಲ್ಲೆಂದು ತಿರುಗಿ ಹುಡುಕಿದಳು. ಸಿಕ್ಕಿದ. ‘ಅಪ್ಪಾ!’ ಎಂದು ಕೂಗಿಕೊಂಡು ಓಡಿ ಬಂದಳು. ಒಳಗಿಂದ ಚಪ್ಪಾಳೆ ಜೋರಾಯಿತು. ಅವನೂ ನಗುತ್ತಲೇ, ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿದು ಹಿಡಿದುಕೊಂಡು, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಹೋದ.