ಗಾಳಿಕಿಂಡಿ

ದಂಡೆಯ ಜಾಲಿಗಿಡಗಳನ್ನು ಬಗ್ಗಿಸುವಷ್ಟು ಗಾಳಿಯಿತ್ತು. ದೋಣಿ ಮಾತ್ರ ಕದಲಲಿಲ್ಲ. ಅದರ ನಡುವೆ ನಿಲ್ಲಿಸಿದ ಬಿದಿರಿಗೆ ಕಟ್ಟಿದ್ದ ಕೆಂಪು ಹಳದಿ ಪಟ್ಟೆಯ ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಹಳೆಯ ಶಾಮಿಯಾನದ ಬಟ್ಟೆ ಅದು. ಒಂದು ಅಂಚಿನಲ್ಲಿ ‘ಸುಸ್ವಾಗತ’ ಎಂಬ ಅಕ್ಷರಗಳು ಹಾಗೇ ಉಳಿದಿದ್ದವು.

“ಲೇ ದಸ್ತಗೀರ್, ಬೀಗರು ಬಂದ್ರೇನು? ಊಟಕ್ಕ ಕುಂದರಲೇನು?” ದಂಡೆಯ ಕಲ್ಲಿನ ಮೇಲಿದ್ದ ಆದೆಪ್ಪ ಕೂಗಿದ.

“ಆ ಬಾಯಿ ಹಾಯಿ ಕಡಿಗಿ ತಿರುಗಿಸಿ ಊದಲೇ. ಏನರ ಉಪಯೋಗ ಆಗಲಿ,” ಎಂದ ದೋಣಿಯಲ್ಲಿದ್ದ ದಸ್ತಗೀರ್‌ಸಾಬ್.

ದಸ್ತಗೀರ್‌ಸಾಬನಿಗೆ ಮಸ್ಕಿಯಲ್ಲಿ ಶಾಮಿಯಾನದ ಅಂಗಡಿ. ಆಷಾಢದಲ್ಲಿ ಮದುವೆಗಳಿಲ್ಲ, ಕೈಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ ಮೊಬೈಲ್ ನೋಡಿ ನೋಡಿ, ಇಬ್ಬರು ಕೂರುವಷ್ಟು ಈ ದೋಣಿ ಮಾಡಿದ್ದ. ಹಲಗೆ ಗೆಳೆಯ ಆದೆಪ್ಪನದು. ಎಮ್ಮೆಗಳಿಗೆ ಮೇವು ಹಾಕುವ ಗ್ವಾದಲಿ ಮಾಡಿಸಲೆಂದು ಸಂತೆಕಲ್ಲೂರಿನ ಹೊಲದ ಬೇವಿನಮರ ಕೊಯ್ಯಿಸಿಟ್ಟಿದ್ದ. ಕೊಡುವಾಗ ಒಂದು ಶರತ್ತು ಹಾಕಿದ. ಹುಟ್ಟು ಹಾಕದೆ, ಗಾಳಿಯೊಂದರಿಂದಲೇ ನಡುಗಡ್ಡೆ ಮುಟ್ಟಿದರೆ ದೋಣಿ ಸಾಬನದು. ಇಲ್ಲದಿದ್ದರೆ ಇವತ್ತು ಸಂಜೆಗೇ ಅದು ಗ್ವಾದಲಿಯಾಗಿ ಆದೆಪ್ಪನ ಕೊಟ್ಟಿಗೆ ಸೇರಬೇಕು.

ನಡುಗಡ್ಡೆ ಬಹಳ ದೂರವೇನಿರಲಿಲ್ಲ. ಅದರ ಮೇಲಿನ ಹುಣಸೆಮರ ದಂಡೆಯಿಂದಲೇ ಕಾಣುತ್ತಿತ್ತು. ಹಳ್ಳಕ್ಕೆ ಒಡ್ಡು ಕಟ್ಟಿ ಹಿನ್ನೀರು ನಿಲ್ಲುವ ಮೊದಲು ಅಲ್ಲೊಂದು ಊರಿತ್ತು. ದಸ್ತಗೀರ್‌ಸಾಬನ ಹೆಂಡತಿ ಬಿಬಿಜಾನಳ ತವರು. ಊರು ಎದ್ದುಹೋಯಿತು, ಮರ ಉಳಿಯಿತು. ನೀರು ಮೊಣಕಾಲುದ್ದ, ಅದರ ಕೆಳಗೆ ಕಾಲು ಬಿಡದ ಕೆಸರು. ಬಿಬಿಜಾನ ಒಮ್ಮೆ ಮೀನುಗಾರರ ಪುಟ್ಟಿಯಲ್ಲಿ, ಅಂದರೆ ಹರಿಗೋಲಿನಲ್ಲಿ, ಅಲ್ಲಿಗೆ ಹೊರಟಿದ್ದಳು. ದುಂಡನೆಯ ಪುಟ್ಟಿ ಗಿರಗಿರ ತಿರುಗಿ, ತಲೆಸುತ್ತು ಬಂದು ಅರ್ಧಕ್ಕೇ ಹಿಂದಿರುಗಿದ್ದಳು. “ತಿರುಗದಂಥದ್ದು ಮಾಡ್ರಿ, ಬರ್ತೀನಿ,” ಎಂದವಳು ಅವಳೇ. ಹಾಯಿ ಹೊಲಿದವಳೂ ಅವಳೇ.

ಈಗ ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ದಂಡೆಯಲ್ಲಿ ಕುಳಿತಿದ್ದಳು.

“ತಂಗೀ, ಗ್ವಾದಲಿಗೆ ಯಾವ ಬಣ್ಣ ಹಚ್ಚಲಿ?” ಆದೆಪ್ಪ ಕೇಳಿದ.

ಅವಳ ಕಣ್ಣು ದೋಣಿಯ ಮೇಲಿತ್ತು. ಹಾಯಿ ಉಬ್ಬುತ್ತಿತ್ತು, ಉಸ್ಸೆಂದು ಸೊರಗುತ್ತಿತ್ತು. ಎದ್ದು, ಗಟ್ಟಿ ನೆಲವಿದ್ದಷ್ಟು ದೂರ ನೀರಿಗಿಳಿದು, ಹಾಯಿಯ ಆಚೆ ಬದಿಗೆ ಹೋಗಿ ಮುಖವೊಡ್ಡಿದಳು. ಗಾಳಿ ಬಟ್ಟೆಯೊಳಗಿಂದಲೇ ತೂರಿ ಬಂದು ಸೆರಗು ಹಾರಿಸಿತು.

“ಅಯ್ಯ ನನ್ನ ಕೈಯೇ!” ಎಂದು ಹಣೆ ಬಡಿದುಕೊಂಡಳು. “ರೀ, ಗಾಳಿಕಿಂಡಿ ಬಿಟ್ಟೀನ್ರೀ ಇದಕ್ಕೂ!”

ಶಾಮಿಯಾನಕ್ಕೆ ನಾಲ್ಕು ಕಡೆ ಅರ್ಧಚಂದ್ರದಂತೆ ಕಿಂಡಿ ಬಿಡುವುದು ಅವರ ಕಸುಬಿನ ಮೊದಲ ಪಾಠ. ಬಿಡದಿದ್ದರೆ ಗಾಳಿ ಹೊಕ್ಕು ಗೂಟ ಸಮೇತ ಎತ್ತಿಕೊಂಡು ಹೋಗುತ್ತದೆ. ಹೊಸದಾಗಿ ಕೆಲಸ ಕಲಿಯುವಾಗ ಬಿಬಿಜಾನ ಮರೆತು ಹೊಲಿದಿದ್ದ ಶಾಮಿಯಾನ, ತುರ್ವಿಹಾಳದ ಮದುವೆಯೊಂದರಲ್ಲಿ ತಾಳಿ ಕಟ್ಟುವ ಹೊತ್ತಿಗೆ ಹಾರಿ ಕಾಲುವೆಗೆ ಬಿದ್ದಿತ್ತು. ಅಂದಿನಿಂದ ಅವಳ ಕತ್ತರಿ ತಾನಾಗಿಯೇ ಕಿಂಡಿ ಬಿಡುತ್ತಿತ್ತು.

ದಸ್ತಗೀರ್‌ಸಾಬ್ ಬಿದ್ದು ಬಿದ್ದು ನಕ್ಕ. “ಜನ್ಮ ಪೂರಾ ಗಾಳಿ ಹೊರಗ ದಬ್ಬಿದ ಕೈ. ಈಗ ಹಿಡಿ ಅಂದ್ರ ಹಿಡೀತೈತೇನು?”

ಬಿಬಿಜಾನ ಸಂಚಿಯಿಂದ ದಬ್ಬಣ, ದಾರ ತೆಗೆದಳು. “ಮುಚ್ಚಾಕ ಬಟ್ಟಿ ಬೇಕು. ನಿಮ್ಮ ಲುಂಗಿ ಕೊಡ್ರಿ.”

“ನಕ್ಕೋ! ಕೊಡಂಗಿಲ್ಲ!” ಅವನು ಎರಡೂ ಕೈಯಲ್ಲಿ ಲುಂಗಿ ಹಿಡಿದುಕೊಂಡ.

“ಬ್ಯಾಡ ತಂಗೀ, ಮೀನು ಗಾಬರಿ ಆಗ್ತಾವ,” ಎಂದ ಆದೆಪ್ಪ.

ಬಿಬಿಜಾನಳ ಕಣ್ಣು ಆದೆಪ್ಪನ ತಲೆಯ ಮೇಲೆ ನಿಂತಿತು. ಸುತ್ತಿ ಸುತ್ತಿ ಕಟ್ಟಿದ ಬಿಳಿ ರುಮಾಲು.

“ಏ, ಅದರ ತಂಟಿಗೆ ಬರಬ್ಯಾಡ! ನಾ ಸೋಲಾಕ ನನ್ನ ರುಮಾಲೇ ಕೊಡ್ಲೇನು?”

“ಬ್ಯಾಡ ಬಿಡು ಆದೆಪ್ಪಣ್ಣ. ನಿಮ್ಮ ಎಮ್ಮಿ ಆರಾಮ ಮೇಯಲಿ.” ಅವಳು ನೀರಿನಾಚೆ ನೋಡಿದಳು. “ಆ ಮರಕ್ಕ ನಮ್ಮಮ್ಮ ನನಗ ಜೋಲಿ ಕಟ್ಟತಿದ್ಳಂತ. ಟೊಂಗಿ ಐತೋ ಇಲ್ಲೋ.”

ಆದೆಪ್ಪ ಮರವನ್ನೂ ನೋಡಿದ, ದೋಣಿಯನ್ನೂ ನೋಡಿದ. ಆಮೇಲೆ ಗೊಣಗುತ್ತ ರುಮಾಲು ಬಿಚ್ಚತೊಡಗಿದ. ಬೋಳುತಲೆ ಬಿಸಿಲಿಗೆ ಫಳ್ಳೆಂದಿತು.

“ಏ, ಎರಡನೇ ಸೂರ್ಯ ಹುಟ್ಯಾನಲೇ!” ಎಂದ ದಸ್ತಗೀರ್‌ಸಾಬ್.

“ಸುಮ್ನ ಕುಂದರಲೇ. ಕಸ್ಕೋತೀನಿ ನೋಡು.”

ಬಿಬಿಜಾನ ದೊಡ್ಡ ದೊಡ್ಡ ಹೊಲಿಗೆ ಹಾಕಿ ಮೂರು ಕಿಂಡಿ ಮುಚ್ಚಿದಳು. ಕೆಳಗಿನ ಒಂದನ್ನು ಹಾಗೇ ಬಿಟ್ಟಳು.

“ಅದು?” ಗಂಡ ಕೇಳಿದ.

“ಇರಲಿ. ಗಾಳಿನ ಪೂರಾ ನಂಬಾಕ ಬರಂಗಿಲ್ಲ,” ಎಂದು ರೊಟ್ಟಿಗಂಟು ಒಳಗೆಸೆದು, ತಾನೂ ಹತ್ತಿದಳು.

ಈ ಸಲ ಹಾಯಿ ಉಬ್ಬಿದ್ದು ಉಬ್ಬಿಯೇ ನಿಂತಿತು. ದೋಣಿಯ ತಳ ಕೆಸರನ್ನೊಮ್ಮೆ ಸವರಿ ಬಿಡಿಸಿಕೊಂಡು ಹೊರಟೇಬಿಟ್ಟಿತು.

“ಹೋತಲೇ! ನನ್ನ ರುಮಾಲು ಹೋತಲೇ!” ಆದೆಪ್ಪ ದಂಡೆಯುದ್ದಕ್ಕೂ ಓಡುತ್ತ ಗೆದ್ದವನಂತೆ ಕೂಗಿದ. “ಎಮ್ಮಿಗೆ ಏನು ಹೇಳ್ಲಿ?”

“ಪಂಕ್ತ್ಯಾಗ ನೆಲಕ್ಕ ಕುಂತು ಉಣ್ಣು ಅಂತ ಹೇಳು!” ದೋಣಿಯಿಂದ ಸಾಬ್ ಕೂಗಿದ.

ಹಿಂದೆ ಕುಳಿತು ಚುಕ್ಕಾಣಿ ಹಿಡಿದಿದ್ದ ದಸ್ತಗೀರ್‌ಸಾಬನಿಗೆ ಉಬ್ಬಿದ ಹಾಯಿ ಅಡ್ಡವಾಗಿ ಮುಂದೆ ಏನೂ ಕಾಣುತ್ತಿರಲಿಲ್ಲ. “ನೆಟ್ಟಗ ಹೊಂಟೀವೇನು?”

ಬಿಬಿಜಾನ ಬಗ್ಗಿ, ಬಿಟ್ಟಿದ್ದ ಕಿಂಡಿಗೆ ಕಣ್ಣಿಟ್ಟಳು. “ಸ್ವಲ್ಪ ಎಡಕ್ಕ. ಹಾಂ, ಹಂಗೇ ಬರ್ರಿ.”

ಕಿಂಡಿಯಲ್ಲಿ ಹುಣಸೆಮರ ಮೊದಲು ಬೆರಳಷ್ಟಿತ್ತು. ಆಮೇಲೆ ಅಂಗೈಯಷ್ಟಾಯಿತು. ಆಮೇಲೆ ಕಿಂಡಿ ಸಾಲದೆ, ನೀರಿನತ್ತ ಬಾಗಿದ ಒಂದು ಟೊಂಗೆಯಷ್ಟೇ ಅದರಲ್ಲಿ ಕಂಡಿತು, ಎಲೆಯೆಲ್ಲ ಗಾಳಿಗೆ ಅಲುಗುತ್ತ.