ಎಪ್ಪತ್ತಾರು, ನೂರಾ ಹನ್ನೆರಡು

ಹಲ್ಲುಮೇಸ್ತ್ರಿಗೆ ತಿಂಗಳಿಗೆ ಒಂದೇ ಒಂದು ಫೋನು ಬರುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ವಿಮೆಯವರು, ನೀರಿನ ಫಿಲ್ಟರ್ ಮಾರುವವರು ಮಾಡುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರು ಸತ್ತವರಿಗೂ ಮಾಡುತ್ತಾರೆ. ಅಕ್ಕ ಮಾಡುವುದನ್ನೂ ಬಿಡಿ, ಅದು ಫೋನಲ್ಲ, ವಿಚಾರಣೆ. ಇವನ ಜೊತೆ ಮಾತಾಡಬೇಕು ಅಂತಲೇ ಒಬ್ಬ ಮನುಷ್ಯ ಫೋನ್ ಕೈಗೆತ್ತಿಕೊಳ್ಳುತ್ತಿದ್ದದ್ದು ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳಕ್ಕೆ. ಆ ಮನುಷ್ಯನನ್ನು ಮೇಸ್ತ್ರಿ ಒಮ್ಮೆಯೂ ಕಂಡಿರಲಿಲ್ಲ. ಅವರನ್ನು ಇವನು ನೂರಾ ಹನ್ನೆರಡು ಅಂತ ಕರೆಯುತ್ತಿದ್ದ, ಅವರು ಇವನನ್ನು ಎಪ್ಪತ್ತಾರು ಅನ್ನುತ್ತಿದ್ದರು.

ಹಲ್ಲುಮೇಸ್ತ್ರಿ ಅನ್ನುವುದೂ ಬೀದಿಯವರು ಇಟ್ಟ ಅಡ್ಡಹೆಸರೇ. ದಂತವೈದ್ಯರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವನ ಕೆಲಸ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಮೇಣದಲ್ಲಿ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಮೂವತ್ತೊಂದು ವರ್ಷದಿಂದ ಇದೇ. ಊರಿನ ಅರ್ಧ ಮುದುಕರು ನಗುವುದು ಇವನು ಮಾಡಿಕೊಟ್ಟ ಹಲ್ಲಿನಿಂದ, ಆದರೆ ಎದುರು ಸಿಕ್ಕರೆ ಒಬ್ಬರಿಗೂ ಇವನ ಗುರುತಿಲ್ಲ. ಇವನಿಗೋ, ಬೀದಿಯಲ್ಲಿ ಯಾರಾದರೂ ಬಾಯಿಬಿಟ್ಟು ನಕ್ಕರೆ ಹಲ್ಲಿನ ಗುರುತು ಸಿಗುತ್ತದೆ, ಮನುಷ್ಯನದು ಸಿಗುವುದಿಲ್ಲ. ಮದುವೆ ಯಾಕಾಗಲಿಲ್ಲ ಅಂದರೆ ಯಾರೂ ಕೇಳಲಿಲ್ಲ ಅನ್ನುತ್ತಿದ್ದ. ಅದು ತಮಾಷೆಯೋ ನಿಜವೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಇಂಥವನು ನಲವತ್ತೊಂಬತ್ತನೇ ವಯಸ್ಸಿನಲ್ಲಿ ಇದ್ದಬದ್ದದ್ದನ್ನೆಲ್ಲ ಸುರಿದು ಒಂದು ಕಾರು ಕೊಂಡ. ನೂರೈವತ್ತೇ ಗಾಡಿ ಮಾಡಿ ಕಾರ್ಖಾನೆಯವರು ಕೈ ತೊಳೆದುಕೊಂಡಿದ್ದರು. ಇವನದು ಎಪ್ಪತ್ತಾರನೆಯದು, ಸಾಸಿವೆ ಬಣ್ಣದ್ದು. ಓಡಿಸುವವನಿಗೆ ಅಂತಲೇ ಮಾಡಿದ ಗಾಡಿ ಅದು, ಪಕ್ಕದಲ್ಲಿ ಕೂರುವವನ ನೆನಪೇ ಅವರಿಗೆ ಬಂದ ಹಾಗಿಲ್ಲ. ರೇಡಿಯೋ ಇಲ್ಲ, ಏಸಿ ಇಲ್ಲ, ಒಂದು ಲೋಟ ಇಡಲು ಜಾಗವಿಲ್ಲ. ಸ್ಟೇರಿಂಗ್ ತಿರುಗಿಸಲು ತೋಳು ಬೇಕು, ಕ್ಲಚ್ ತುಳಿಯಲು ತೊಡೆ ಬೇಕು. ಆದರೆ ರಸ್ತೆಯ ಮೇಲಿನ ಸಣ್ಣ ಕಲ್ಲೂ ಅಂಗೈಗೆ ತಿಳಿಯುತ್ತಿತ್ತು, ಗೇರು ಬೀಳುವುದಂತೂ ಒಳ್ಳೆಯ ಕಟ್ಟುಹಲ್ಲು ವಸಡಿಗೆ ಕೂತ ಹಾಗೆ. ವಾರವೆಲ್ಲ ಯಾರ ಹತ್ತಿರವೂ ಮಾತಾಡದ ಮನುಷ್ಯನಿಗೆ ಆ ಗಾಡಿ ಒಂದೊಂದು ತಿರುವಿನಲ್ಲೂ ಉತ್ತರ ಕೊಡುತ್ತಿತ್ತು. ಅದನ್ನು ಕಂಡರೆ ಅವನಿಗೆ ಪ್ರಾಣ.

ಕಾರ್ಖಾನೆ ಮುಚ್ಚಿದ ಮೇಲೆ ಆ ಗಾಡಿಗಳ ಬಗ್ಗೆ ತಿಳಿದ ಮೆಕ್ಯಾನಿಕ್ ಸಿಗುವುದು ಕಷ್ಟವಾಯಿತು. ಎಂಜಿನ್ ತಣ್ಣಗಿದ್ದಾಗ ಒಳಗಿನ ಚೈನು ಗಲಗಲ ಅನ್ನುವುದು ಈ ಜಾತಿಯ ಹುಟ್ಟುರೋಗ. ಎಷ್ಟು ಗಲಗಲ ಸರಿ, ಎಷ್ಟಾದರೆ ಅಪಾಯ ಅಂತ ಹೇಳುವವರು ಯಾರು? ಅದಕ್ಕೆ ಮಾಲೀಕರೇ ಒಂದು ಪದ್ಧತಿ ಮಾಡಿಕೊಂಡರು. ಇಬ್ಬಿಬ್ಬರ ಜೋಡಿ. ತಿಂಗಳಿಗೊಮ್ಮೆ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಎಂಜಿನ್ ಹಚ್ಚಿ ಒಂದು ನಿಮಿಷ ಕೇಳಿಸಬೇಕು. ದನಿ ಕೂಡಿಸುವುದು ಅಂತ ಅದಕ್ಕೆ ಹೆಸರು. ಜೋಡಿ ಗಾಡಿಯ ನಂಬರಿಗೆ ಸೇರಿದ್ದು, ಮನುಷ್ಯನಿಗಲ್ಲ. ಗಾಡಿ ಕೈಬಿಟ್ಟರೆ ಪಟ್ಟಿಯಿಂದ ಹೊರಗೆ. ಚೀಟಿ ಎತ್ತಿದಾಗ ಮೇಸ್ತ್ರಿಯ ಪಾಲಿಗೆ ಬಂದವರು ನೂರಾ ಹನ್ನೆರಡು.

ಆರು ವರ್ಷ ಹೀಗೇ ನಡೆಯಿತು. ಮೊದಲು ಅವರ ಕಡೆಯಿಂದ ಶಟರ್ ಎತ್ತುವ ಸದ್ದು ಬರುತ್ತಿತ್ತು: ಕಿರ್ರ್ ಅಂತ ಒಂದು ಸಲ, ಕಿರ್ರ್ ಅಂತ ಇನ್ನೊಂದು ಸಲ, ಮೇಲೆ ಹೋಗಿ ಢಬ್. ಆಮೇಲೆ ಎಂಜಿನ್. ಮೊದಲೆರಡು ವರ್ಷ ಆ ಕಿರ್ರ್ ಇರಲಿಲ್ಲ, ಗ್ಯಾರೇಜು ಬದಲಾಯಿಸಿದಿರಾ ಅಂತ ಮೇಸ್ತ್ರಿ ಕೇಳಿದ್ದಕ್ಕೆ ಹೌದು ಅಂದಿದ್ದರು. ಅಲ್ಲಿಂದಾಚೆಗೆ ಆ ಶಟರು ಇವನ ನಗೆಚಾಟಿಕೆಯ ವಸ್ತುವಾಯಿತು. ನಾಲ್ಕು ವರ್ಷದಿಂದ ಒಂದು ತೊಟ್ಟು ಎಣ್ಣೆ ಹಾಕಲು ಕೈ ಬರುವುದಿಲ್ಲವೇ, ಎಂಥ ಸೋಮಾರಿ ರೀ ನೀವು ಅಂತ ಇವನು ಕಾಲೆಳೆಯುವುದು, ಬರುವ ತಿಂಗಳು ಹಾಕಿಸುತ್ತೇನೆ ಅಂತ ಅವರು ನಗುವುದು. ಗಾಡಿಯ ದನಿ ಮಾತ್ರ ಒಂದಿಷ್ಟೂ ಮುದಿಯಾಗಿರಲಿಲ್ಲ, ಮೇಸ್ತ್ರಿಗೆ ಒಳಗೊಳಗೇ ಹೊಟ್ಟೆಕಿಚ್ಚು. ನಿಮಿಷ ಮುಗಿದ ಮೇಲೆ ಅರ್ಧ ಗಂಟೆ ಮಾತು. ಆ ತಿಂಗಳು ಎಲ್ಲೆಲ್ಲಿ ಓಡಿಸಿದೆ ಅಂತ ಇಬ್ಬರೂ ಹೇಳಿಕೊಳ್ಳುತ್ತಿದ್ದರು. ನೂರಾ ಹನ್ನೆರಡು ಕಂಡದ್ದನ್ನು ಹೇಳುವುದು ಕಡಿಮೆ. ಸೇತುವೆ ಮೇಲೆ ಟೈರಿನ ಸದ್ದು ಹೇಗೆ ತೆಳ್ಳಗಾಯಿತು, ಇಳಿಜಾರಿನಲ್ಲಿ ಗಾಳಿ ಹೇಗೆ ಬಡಿಯಿತು, ಇಂಥವೇ. ವರ್ಷಕ್ಕೊಮ್ಮೆ ಮಾಲೀಕರೆಲ್ಲ ಗಾಡಿ ತಂದು ಸೇರುವ ಕೂಟಕ್ಕೆ ಮಾತ್ರ ಅವರು ಬರುತ್ತಿರಲಿಲ್ಲ. ಒಂದು ಸಲ ಜ್ವರ, ಒಂದು ಸಲ ನೆಂಟರ ಮದುವೆ.

ಆಮೇಲೆ ಮೇಸ್ತ್ರಿಯ ಎಡ ಮೊಣಕಾಲು ಕೈಕೊಟ್ಟಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಆ ಕ್ಲಚ್ ಇನ್ನು ತುಳಿದರೆ ಕೋಲು ಹಿಡಿಯಬೇಕಾಗುತ್ತದೆ ಅಂದರು. ಒಂಬತ್ತು ತಿಂಗಳು ಗಾಡಿ ಗ್ಯಾರೇಜಿನಲ್ಲೇ ನಿಂತಿತು. ಈ ಸುದ್ದಿಯನ್ನು ಮೇಸ್ತ್ರಿ ನೂರಾ ಹನ್ನೆರಡಕ್ಕೆ ಹೇಳಲಿಲ್ಲ. ಹೇಳಿದರೆ ಮಾರಿಬಿಡಿ ಅಂತಾರೆ, ಮಾರಿದರೆ ಭಾನುವಾರ ಹೋಗುತ್ತದೆ. ಹಳೆಯ ರಸ್ತೆಗಳನ್ನೇ ನೆನಪು ಮಾಡಿಕೊಂಡು ಹೊಸ ಸವಾರಿ ಕಟ್ಟಿ ಹೇಳಿದ. ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಅವನಿಗೆ ಮೊದಲು ಗೊತ್ತಿರಲಿಲ್ಲ.

ಅಕ್ಕ ಬಿಡಬೇಕಲ್ಲ. "ನಿಂತಲ್ಲೇ ತುಕ್ಕು ಹಿಡಿಯುತ್ತೆ ಕಣೋ, ಅದೂ, ನೀನೂ," ಅಂದಳು. ಅವಳ ಮಾತು ಸುಳ್ಳಲ್ಲ. ಅಲುಗಾಡದ ಗಾಡಿಯ ರಬ್ಬರು ಬಿರಿಯತೊಡಗಿತ್ತು, ಟೈರು ಒಂದು ಪಕ್ಕ ಚಪ್ಪಟೆಯಾಗಿತ್ತು. ಹೀಗೆ ಕಣ್ಣೆದುರೇ ಸಾಯಿಸುವುದಕ್ಕಿಂತ ಯಾರಾದರೂ ನೋಡಿಕೊಳ್ಳುವವರಿಗೆ ಕೊಡುವುದೇ ಮೇಲು ಅಂತ ಅವನಿಗೂ ಅನ್ನಿಸಿತು. ಇಂಥ ಗಾಡಿಗಳನ್ನು ಕೊಂಡು ಕೂಡಿಡುವ ಒಬ್ಬ ಶ್ರೀಮಂತ ಮೂರು ಗಂಟೆ ದೂರದ ಪಟ್ಟಣದಲ್ಲಿದ್ದ. ಮೇಸ್ತ್ರಿ ಕಾಗದ ಬರೆದ, ಬರೆದ ದಿನದಿಂದ ಊಟ ಸೇರಲಿಲ್ಲ.

ಬೆಲೆ ಕಟ್ಟಲು ಆ ಶ್ರೀಮಂತನ ಕಡೆಯಿಂದ ಒಬ್ಬ ಹೆಂಗಸು ಬಂದಳು. ಬಿಳಿ ಕೈಗವಸು ಹಾಕಿಕೊಂಡು, ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಬಾಗಿಲು ಬಾಗಿಲಿಗೂ ಹಿಡಿದಳು. ಕ್ಲಚ್ ಪೆಡಲ್ಲಿನ ರಬ್ಬರು ಸವೆದಿದೆ, ಓಡಿಸುವವನ ಸೀಟಿನ ಅಂಚು ಸವೆದಿದೆ ಅಂತ ಬರೆದುಕೊಂಡಳು. ಪಕ್ಕದ ಸೀಟಿನ ಹತ್ತಿರ ಬಂದಾಗ ಅವಳ ಮುಖ ಅರಳಿತು.

"ಇದು ಹೊಸದು ಇದ್ದ ಹಾಗೇ ಇದೆಯಲ್ಲ ಸರ್. ಯಾರೂ ಕೂತೇ ಇಲ್ವಾ?"

"ಇಲ್ಲ," ಅಂದ ಮೇಸ್ತ್ರಿ.

ಅದಕ್ಕೆ ಬೆಲೆ ಜಾಸ್ತಿ ಸಿಗುತ್ತದೆ ಅಂತ ಅವಳು ಸಂತೋಷದಿಂದ ಹೇಳಿದಳು. ಗಾಡಿ ಕೊಂಡಾಗಿನಿಂದ ಒಂಬತ್ತು ವರ್ಷ ತನ್ನ ಪಕ್ಕ ಯಾರೂ ಕೂರದೆ ಇದ್ದದ್ದಕ್ಕೂ ಒಂದು ಬೆಲೆ ಉಂಟು ಅಂತ ಅವನಿಗೆ ಅವತ್ತು ಗೊತ್ತಾಯಿತು. ನೋವಾಯಿತು, ಆದರೆ ಅವಳ ತಪ್ಪೇನಿದೆ?

ಲಾರಿ ಕಳಿಸುತ್ತೇವೆ ಅಂದರು, ಬೇಡ ಅಂದ. ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ತಾನೇ ಓಡಿಸಿದ. ಆ ಮೂರು ಗಂಟೆ ಹೇಗಿತ್ತು ಅಂತ ಕೇಳಬೇಡಿ. ಒಂದೊಂದು ಗೇರಿಗೂ ಹಲ್ಲು ಕಚ್ಚಿದ, ಒಂದೊಂದು ತಿರುವಿಗೂ ನಕ್ಕ. ಪಟ್ಟಣದ ಆಚೆ ಒಂದು ಉದ್ದನೆಯ ತಗಡಿನ ಕಟ್ಟಡದ ಮುಂದೆ ನಿಲ್ಲಿಸಿದಾಗ ಕಾಲು ಊದಿ ಕಂಬವಾಗಿತ್ತು. ಬೆಲೆ ಕಟ್ಟಿದ ಹೆಂಗಸೇ ಬಂದು ಶಟರ್ ಎತ್ತಿದಳು.

ಕಿರ್ರ್. ಕಿರ್ರ್. ಢಬ್.

ಮೇಸ್ತ್ರಿ ಶಟರಿನತ್ತ ಕತ್ತೆತ್ತಿ ನೋಡಿದ. ಆ ಸದ್ದನ್ನು ಅವನು ನಾಲ್ಕು ವರ್ಷದಿಂದ ತಿಂಗಳು ತಪ್ಪದೆ ಕೇಳಿದ್ದ, ಅದಕ್ಕೆ ಎಣ್ಣೆ ಹಾಕಿ ಅಂತ ಬೈದಿದ್ದ. ಒಳಗೆ ಬಿಳಿ ದೀಪದ ಕೆಳಗೆ ಗಾಡಿಗಳು ಬಟ್ಟೆ ಹೊದ್ದು ಸಾಲಾಗಿ ನಿಂತಿದ್ದವು, ಎದುರಿಗೆ ಒಂದೊಂದಕ್ಕೂ ನಂಬರಿನ ಫಲಕ. ಕುಂಟುತ್ತ ಹೋದ. ಮೂರನೆಯದು ನೂರಾ ಹನ್ನೆರಡು.

ಇದು ಯಾವಾಗ ಬಂತು ಅಂತ ಕೇಳಿದ. ನಾಲ್ಕು ವರ್ಷ ಆಯಿತು ಅಂದಳು. ಲಾರಿಯಲ್ಲಿ ಬಂತಂತೆ, ಜೊತೆಗೆ ಮಾಲೀಕರು. ವಯಸ್ಸಾದವರು, ಕಪ್ಪು ಕನ್ನಡಕ.

"ಕೊನೇ ಸಲ ಸ್ಟಾರ್ಟ್ ಮಾಡಿ ಅಂತ ಕೇಳಿಕೊಂಡ್ರು. ಶಟರ್ ಎತ್ತದೆ ಒಳಗೆ ಎಂಜಿನ್ ಹಚ್ಚೋ ಹಾಗಿಲ್ಲ, ಹೊಗೆ ತುಂಬುತ್ತೆ. ಎತ್ತಿದೆ. ಎತ್ತೋಕೆ ಮೊದಲೇ ಅವರು ಫೋನ್ ಹಿಡಿದು ರೆಕಾರ್ಡ್ ಶುರು ಮಾಡಿದ್ರು. ಆಮೇಲೆ ಎಷ್ಟು ಹೊತ್ತಾದ್ರೂ ಹೋಗಲೇ ಇಲ್ಲ ಸರ್."

ಮೇಸ್ತ್ರಿಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ವರ್ಷ ನನ್ನನ್ನು ಮಂಗ ಮಾಡಿದರಲ್ಲ ಅಂತ. ಸೇತುವೆಯಂತೆ, ಇಳಿಜಾರಂತೆ! ಆಮೇಲೆ ತನ್ನ ಒಂಬತ್ತು ತಿಂಗಳು ನೆನಪಾಗಿ ಸಿಟ್ಟು ತಣ್ಣಗಾಯಿತು. ಇವರಿಗೂ ಭಾನುವಾರ ಬಿಟ್ಟರೆ ಬೇರೆ ಏನೂ ಇರಲಿಲ್ಲ ಅಂತ ಅರ್ಥವಾಯಿತು. ಅಷ್ಟು ಬೇಸರ ಅವನಿಗೆ ತನ್ನ ಬಗ್ಗೆಯೂ ಯಾವತ್ತೂ ಆಗಿರಲಿಲ್ಲ.

ಸಹಿ ಹಾಕಿದ. ಎಂಜಿನ್ ತಣ್ಣಗಾಗಬೇಕಿತ್ತಾದ್ದರಿಂದ ಹತ್ತಿರದ ಲಾಡ್ಜಿನಲ್ಲಿ ಉಳಿದು ಮರುದಿನ ಬೆಳಿಗ್ಗೆ ಮತ್ತೆ ಬಂದ. ಇವನ ಗಾಡಿಯನ್ನು ನೂರಾ ಹನ್ನೆರಡರ ಪಕ್ಕದಲ್ಲೇ ನಿಲ್ಲಿಸಿದ್ದರು, ನಡುವಿನ ನಂಬರುಗಳು ಇನ್ನೂ ಅವರ ಕೈಗೆ ಸಿಕ್ಕಿರಲಿಲ್ಲ. ಮೇಸ್ತ್ರಿ ರೆಕಾರ್ಡ್ ಒತ್ತಿ ಫೋನ್ ಹಿಡಿದು ನಿಂತ. ಹೆಂಗಸು ಏನೂ ಕೇಳದೆ ಶಟರ್ ಎತ್ತಿದಳು.

ಊರಿಗೆ ಬಂದರೆ ಖಾಲಿ ಗ್ಯಾರೇಜಿನಲ್ಲಿ ಎಣ್ಣೆಯ ಒಂದು ಕಲೆ ಉಳಿದಿತ್ತು. ಎರಡು ವಾರ ಅವನು ಆ ಬಾಗಿಲು ತೆರೆಯಲಿಲ್ಲ. ನಿರಾಳ ಆಯ್ತಾ ಅಂತ ಅಕ್ಕ ಕೇಳಿದಳು, ಆಯ್ತು ಅಂದ. ಕೆಲಸದಲ್ಲಿ ಯಾರದೋ ಮೇಲಿನ ಹಲ್ಲಿಗೆ ಇನ್ಯಾರದೋ ಕೆಳಗಿನ ಹಲ್ಲು ಜೋಡಿಸಿ ಡಾಕ್ಟರ ಕೈಲಿ ಬೈಸಿಕೊಂಡ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ರೆಕಾರ್ಡಿಂಗನ್ನು ಹಳೆಯ ಫೋನಿಗೆ ಹಾಕಿಸಲು ಹೋದಾಗ ಮೊಬೈಲ್ ರಿಪೇರಿಯವನು, ಮೊದಲಿಗೆ ಏನೋ ಕಿರುಚುತ್ತದಲ್ಲ, ಕತ್ತರಿಸಿಬಿಡಲಾ ಅಂತ ಕೇಳಿದ. ಕತ್ತರಿಸಿದರೆ ಎಲ್ಲ ಹಿಂದಿನ ಹಾಗೇ ನಡೆಯುತ್ತದೆ, ಸಾಯುವ ತನಕ ಇಬ್ಬರೂ ಇಲ್ಲದ ಗಾಡಿ ಓಡಿಸಿಕೊಂಡು ಇರಬಹುದು. ಬಿಟ್ಟರೆ ಅವರಿಗೆ ಗೊತ್ತಾಗುತ್ತದೆ. ನಾಚಿಕೆಯಿಂದ ಅವರು ಫೋನ್ ಇಟ್ಟುಬಿಟ್ಟರೆ ಇರುವ ಒಂದು ದನಿಯೂ ಹೋದಂತೆಯೇ. ಮೇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ಕತ್ತರಿಸಬೇಡಪ್ಪ, ಇರಲಿ ಅಂದ.

ಭಾನುವಾರ ಏಳಕ್ಕೆ ಫೋನು ಬಂತು. ಮೇಸ್ತ್ರಿ ಖಾಲಿ ಗ್ಯಾರೇಜಿನ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಮೊದಲು ಅವರ ಸರದಿ. ಕಿರ್ರ್, ಕಿರ್ರ್, ಢಬ್, ಎಂಜಿನ್. ಮೇಸ್ತ್ರಿ ಈ ಸಲ ಎಣ್ಣೆಯ ಮಾತೆತ್ತಲಿಲ್ಲ. ಏನು ರೀ ಇವತ್ತು ಬೈಯಲಿಲ್ಲವಲ್ಲ ಅಂತ ಅವರೇ ನಕ್ಕರು. ಇವನು ಹಳೆಯ ಫೋನನ್ನು ಹೊಸ ಫೋನಿನ ಬಾಯಿಗೆ ಹಿಡಿದು ಗುಂಡಿ ಒತ್ತಿದ.

ಕಿರ್ರ್. ಕಿರ್ರ್. ಢಬ್.

ಆಮೇಲೆ ಎಪ್ಪತ್ತಾರು ಗಲಗಲ ಅಂದು, ಸುಧಾರಿಸಿಕೊಂಡು, ಒಂದು ನಿಮಿಷ ಓಡಿತು. ನಿಂತಿತು. ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ಹೋಯಿತು, ಇದನ್ನೂ ಕಳೆದುಕೊಂಡೆ ಅಂದುಕೊಂಡ ಮೇಸ್ತ್ರಿ.

"ನಿಮ್ಮ ಶಟರ್‌ಗೂ ಎಣ್ಣೆ ಬೇಕು ಕಣ್ರೀ," ಅಂತ ಕೊನೆಗೆ ದನಿ ಬಂತು.

ಮೇಸ್ತ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಸ್ವಲ್ಪ ಸ್ವಲ್ಪ ಆಯಿತು.

"ನನಗೆ ಕಣ್ಣು ಹೋಯ್ತು," ಅಂದರು ಅವರು. "ನಿಮಗೆ?"

"ಮೊಣಕಾಲು."

ಹೂಂ ಅಂದರು. ಹೇಳಿಕೊಳ್ಳಲು ಈ ತಿಂಗಳು ಒಂದು ಸವಾರಿಯೂ ಇರಲಿಲ್ಲ. ಫೋನ್ ಇಡುವ ಹೊತ್ತಾಯಿತೇನೋ ಅಂತ ಮೇಸ್ತ್ರಿ ಹೆದರಿಕೊಂಡು ಕೂತಿದ್ದಾಗ ಅವರೇ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಮ್ಮ ಕಡೆಗೆ ಬೆಳಿಗ್ಗೆ ಒಂದು ಬಸ್ಸಿದೆ. ಬರೋ ಭಾನುವಾರ ಬರ್ತೀರಾ? ನಾನು ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತಿರ್ತೀನಿ."

ಬರುತ್ತೇನೆ ಅಂದ ಮೇಸ್ತ್ರಿ. ಎಷ್ಟು ಬೇಗ ಅಂದನೆಂದರೆ ಅವನಿಗೇ ನಾಚಿಕೆಯಾಯಿತು.

"ಒಂದೇ ವಿಷಯ. ನನಗೆ ನೀವು ಕಾಣಲ್ಲ. ಬಸ್ಸಿಳಿದ ಮೇಲೆ ಏನಾದ್ರೂ ಮಾತಾಡ್ತಾ ಇರಿ. ಅಷ್ಟು ಜನರ ನಡುವೆಯೂ ನಿಮ್ಮ ದನಿ ನನಗೆ ಗೊತ್ತಾಗುತ್ತೆ."

ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಅನ್ನುವ ಹಲ್ಲುಮೇಸ್ತ್ರಿ, ಮಾತಾಡುತ್ತಾ ಇರುತ್ತೇನೆ ಅಂದ.