ಅತ್ತಿಮರದ ಏರಿಗೆ ಅಡ್ಡ ಮರ

ಜೀಪನ್ನು ಆಟದ ಸಾಮಾನು ಅಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಸರಿನಲ್ಲಿ ಚಕ್ರ ಗಿರಗಿರ ತಿರುಗಿಸಿ, ನಾಲ್ಕೂ ಕಡೆ ರಾಡಿ ಎರಚಿ, ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುವ ಗಂಡಸರ ಹಿಂಡು ಒಂದಿದೆಯಲ್ಲ, ಅವರನ್ನು ನಮ್ಮ ಕ್ಲಬ್ಬಿಗೆ ಸೇರಿಸಿಕೊಳ್ಳುವವಳೂ ನಾನೇ, ಬೈದು ದಾರಿಗೆ ತರುವವಳೂ ನಾನೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನ ಜೀಪಿನವರು ಸೇರಿ ಮಾಡಿಕೊಂಡ ಕ್ಲಬ್ಬು ಅದು. ಅಧ್ಯಕ್ಷೆ ನಾನು, ಶಿಲ್ಪಶ್ರೀ. ಹೆಂಗಸು ಅಧ್ಯಕ್ಷೆಯಾದರೆ ಹೇಗೆ ಎಂದು ಮೂಗು ಮುರಿದವರು, ಒಂದು ದಿನ ನಾನು ರಿವರ್ಸಿನಲ್ಲಿ ಜೀಪನ್ನು ಕಡಿದಾದ ದರೆ ಹತ್ತಿಸಿದ್ದನ್ನು ನೋಡಿ ಬಾಯಿ ಮುಚ್ಚಿಕೊಂಡರು.

ನಾನು ಓಡಿಸುವ ಜೀಪು ಅಪ್ಪಯ್ಯನದು. ಅಪ್ಪಯ್ಯ ಎಂದರೆ ವೃಷಭೇಂದ್ರಪ್ಪ. ಕಡಹಿನಬೈಲಿನಿಂದ ಗುಡ್ಡದ ಮೇಲಿನ ಮೇಲ್ಬೈಲಿಗೆ ಅವರು ಬಾಡಿಗೆ ಜೀಪು ಓಡಿಸುತ್ತಿದ್ದರು. ಆಗ ಮೇಲ್ಬೈಲಿಗೆ ಇದ್ದದ್ದು ಒಂದೇ ದಾರಿ, ಅತ್ತಿಮರದ ಏರು. ಬಸುರಿಯರು, ಅಡಿಕೆ ಮೂಟೆ, ಮದುವೆಯ ಹೆಣ್ಣು, ಜ್ವರ ಬಂದವರು, ಒಮ್ಮೆ ಒಂದು ಎಮ್ಮೆಕರು, ಎಲ್ಲವೂ ಆ ಏರನ್ನು ಅಪ್ಪಯ್ಯನ ಜೀಪಿನಲ್ಲೇ ಹತ್ತಿದ್ದು. ಎಂಟು ಜನರ ಜೀಪಿನಲ್ಲಿ ಎಷ್ಟು ಜನ ಕೂರುತ್ತಿದ್ದರು ಎಂದು ಕೇಳಬೇಡಿ. ಬಾನೆಟ್ಟಿನ ಮೇಲೂ ಕೂರುತ್ತಿದ್ದರು. ನಾನು ಮಾತ್ರ ಯಾವಾಗಲೂ ಅಪ್ಪಯ್ಯನ ಪಕ್ಕ. ಆ ಪೆಟ್ರೋಲಿನ ವಾಸನೆ, ಒದ್ದೆ ಕಂಬಳಿಯ ವಾಸನೆ, ಅಪ್ಪಯ್ಯ ಬಾಯೊಳಗೇ ಏನೋ ಗುನುಗುತ್ತ ಗೇರು ಬದಲಿಸುತ್ತಿದ್ದದ್ದು, ಯಾವುದೂ ಮರೆತಿಲ್ಲ.

ಹಿಂದೆ ನೇತಾಡಿಕೊಂಡಿರುತ್ತಿದ್ದವನು ಮಾರಪ್ಪ. ಅಪ್ಪಯ್ಯನ ಕ್ಲೀನರ್. ಆ ಜೀಪಿನ ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ ಇತ್ತು. ಏರಿನ ನಡುವೆ ಎಂಜಿನ್ ಏದುಸಿರು ಬಿಟ್ಟು ನಿಂತರೆ ಮಾರಪ್ಪ ಹಾರಿ ಇಳಿದು, ಜೀಪು ಹಿಂದಕ್ಕೆ ಜಾರದಂತೆ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಆಮೇಲೆ ಅಪ್ಪಯ್ಯ ಬ್ರೇಕಿನಿಂದ ಕಾಲು ತೆಗೆದು ಜೀಪನ್ನು ಮತ್ತೆ ಎಬ್ಬಿಸುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಮೇಲ್ಬೈಲಿನ ಮನೆಗೊಬ್ಬರಂತೆ ಗುದ್ದಲಿ ಹಿಡಿದು ಬಂದು ದಾರಿ ಸರಿಮಾಡುವುದಿತ್ತು. ಅದಕ್ಕೆ ಕೂಲಿ ಇಲ್ಲ. ಇವತ್ತು ನೀನು ನನ್ನ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ ಎನ್ನುವ ಮುಯ್ಯಾಳಿನ ಪದ್ಧತಿ.

ಆಮೇಲೆ ಗುಡ್ಡದ ಆಚೆ ಕಡೆಯಿಂದ ಮೇಲ್ಬೈಲಿಗೆ ಟಾರು ರಸ್ತೆ ಬಂತು. ಬಾಡಿಗೆ ನಿಂತಿತು. ಅಪ್ಪಯ್ಯ ತೀರಿಕೊಂಡರು. ಅತ್ತಿಮರದ ಏರಿನಲ್ಲಿ ಲಂಟಾನ ಬೆಳೆಯಿತು. ನಮ್ಮ ಕ್ಲಬ್ಬು ಅದನ್ನು ಕಡಿದು ಮತ್ತೆ ತೆರೆಯಿತು. ನಮ್ಮ ನಿಯಮಗಳು ಕಷ್ಟದವೇನಲ್ಲ. ದಾರಿ ಬಿಟ್ಟು ಇಳಿಯಬಾರದು, ಹಳ್ಳದ ನೀರಿನಲ್ಲಿ ಚಕ್ರ ತೊಳೆಯಬಾರದು, ತಂದ ಪ್ಲಾಸ್ಟಿಕ್ಕು ವಾಪಸು ಹೋಗಬೇಕು, ಮಣ್ಣು ಹಸಿಯಿದ್ದರೆ ಜೀಪು ಹತ್ತಬಾರದು. ಹೊಸಬರಿಗೆ ಒಂದು ದಿನ ಬಯಲಿನಲ್ಲಿ ಪಾಠ ಮಾಡಿ ಆಮೇಲೇ ಏರು ತೋರಿಸುತ್ತೇವೆ. ಆದರೂ ಹೋದ ವರ್ಷ ಹೊರಗಿನಿಂದ ಬಂದ ಕೆಲವರು ನನ್ನ ಕಣ್ಣು ತಪ್ಪಿಸಿ ದಾರಿ ಬಿಟ್ಟು ಇಳಿದರು. ಒರತೆಯಿಂದ ಮಾರಪ್ಪನ ಮನೆಗೆ ನೀರು ಬರುವ ಪೈಪನ್ನು ಪುಡಿಮಾಡಿ ಹೋದರು.

ಏರಿನ ಬುಡ ಇರುವುದು ಮಾರಪ್ಪನ ಜಾಗದಲ್ಲಿ. ಮರುದಿನವೇ ಅವನು ದಾರಿಗೆ ಅಡ್ಡವಾಗಿ ದೊಡ್ಡ ಮರವೊಂದನ್ನು ಉರುಳಿಸಿಟ್ಟ. ಇನ್ನು ಯಾವ ಜೀಪೂ ಇಲ್ಲ ಎಂದ.

ನನಗೆ ಊಟ ಸೇರಲಿಲ್ಲ. ಕ್ಲಬ್ಬಿಗೆ ಬೇರೆ ದಾರಿ ಸಿಕ್ಕೀತು. ಅಪ್ಪಯ್ಯನ ಜೀಪಿಗೆ ಬೇರೆ ಅತ್ತಿಮರದ ಏರು ಎಲ್ಲಿಂದ ತರಲಿ? ಎರಡು ಮಳೆಗಾಲ ಯಾರೂ ತುಳಿಯದಿದ್ದರೆ ಆ ದಾರಿ ಇತ್ತು ಎನ್ನುವುದೇ ಮರೆತುಹೋಗುತ್ತದೆ.

ಅಷ್ಟರಲ್ಲಿ ನನ್ನ ಅಣ್ಣನ ಮಗ ಉಜ್ವಲ್ ಒಂದು ಘನಕಾರ್ಯ ಮಾಡಿದ. ಮಾರಪ್ಪನನ್ನು ಒಲಿಸಿಕೊಳ್ಳಲು ಹೊಸ ಪೈಪು ಹಾಕಿಸಿಕೊಟ್ಟ, ಸರಿ. ಅದರ ಜೊತೆಗೆ, ನನಗೊಂದು ಮಾತೂ ಹೇಳದೆ, ಮೇಲ್ಗಡೆಯಿಂದ ಜೆಸಿಬಿ ಇಳಿಸಿ ಇಡೀ ಏರನ್ನು ನುಣ್ಣಗೆ ಕೆರೆಸಿಬಿಟ್ಟ. "ಅತ್ತೆ, ಈಗ ಕಾರೂ ಹತ್ತುತ್ತೆ" ಎಂದು ಹಲ್ಲು ಕಿರಿದ. ಮಳೆನೀರನ್ನು ಅಲ್ಲಲ್ಲೇ ಪಕ್ಕಕ್ಕೆ ತಿರುಗಿಸಲು ದಾರಿಗೆ ಅಡ್ಡಡ್ಡವಾಗಿ ತೋಡಿದ್ದ ಕಾಲುವೆಗಳೆಲ್ಲ ಮುಚ್ಚಿಹೋಗಿದ್ದವು. ಜೂನ್‌ನ ಮೊದಲ ದೊಡ್ಡ ಮಳೆಗೆ ಏರಿನ ಕೆಂಪು ಮಣ್ಣೆಲ್ಲ ನೇರವಾಗಿ ಇಳಿದು ಮಾರಪ್ಪನ ಗದ್ದೆ ಸೇರಿತು. ಉಜ್ವಲನಿಗೆ ನಾನು ಅವತ್ತು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮಾರಪ್ಪನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ತಲೆ ಎತ್ತಲಿಲ್ಲ.

"ಮಾರಪ್ಪಣ್ಣ, ಗದ್ದೆಗೆ ಎಷ್ಟು ಖರ್ಚಾಗುತ್ತೋ ಕ್ಲಬ್ಬಿನಿಂದ ಕೊಡ್ತೀವಿ" ಎಂದೆ.

"ನಿಮ್ಮ ದುಡ್ಡು ನಂಗೆಂತಕ್ಕೆ ಶಿಲ್ಪಮ್ಮ? ದುಡ್ಡು ಬಂದು ಮಣ್ಣು ಹೊರ್ತದಾ? ಮುಯ್ಯಾಳಿಗೆ ಬರ್ತೀರಾ, ಹೇಳಿ. ನಿಮ್ಮ ಕ್ಲಬ್ಬಿನವ್ರು ನನ್ನ ಗದ್ದೆಗೆ ಇಳೀಲಿ. ಮಳೆ ಕಳೆದ ಮೇಲೆ ನಿಮ್ಮ ದಾರಿ ಕೆಲಸಕ್ಕೆ ನಾ ಬತ್ತೀನಿ. ಅದಲ್ದೆ ಬೇರೆ ಮಾತು ಬೇಡ."

ಬಂದರು. ಕೊಪ್ಪದ ಗ್ಯಾರೇಜಿನ ಶಶಾಂಕ, ಉಜ್ವಲ್, ಶೃಂಗೇರಿಯ ಕಡೆಯ ಇನ್ನಷ್ಟು ಜನ. ಲಕ್ಷಗಟ್ಟಲೆ ಬೆಲೆಯ ಟೈರಿನ ಬಗ್ಗೆ ಭಾಷಣ ಬಿಗಿಯುವವರು ಮಾರಪ್ಪನ ಗದ್ದೆಯಲ್ಲಿ ಮಂಡಿಯುದ್ದ ಕೆಸರಿನಲ್ಲಿ ನಿಂತು ಬುಟ್ಟಿಬುಟ್ಟಿ ಮಣ್ಣು ಹೊತ್ತರು. ಒಬ್ಬ ಜಾರಿ ಅಂಗಾತ ಬಿದ್ದ. ಎಷ್ಟೋ ದಿನದ ಮೇಲೆ ಮಾರಪ್ಪ ನಕ್ಕ.

ದೀಪಾವಳಿ ಕಳೆದ ಮೇಲೆ ದಾರಿಯ ಕೆಲಸ. ಮಾರಪ್ಪ ಹಾರೆ ಹಿಡಿದು ಬಂದ. ಅಡ್ಡ ಕಾಲುವೆಗಳು ಎಲ್ಲೆಲ್ಲಿ ಇದ್ದವು ಎಂಬುದಕ್ಕೆ ನನಗೂ ಅವನಿಗೂ ಜಗಳವೋ ಜಗಳ. ಅತ್ತಿಮರದ ಕೆಳಗೆ ಎಂದು ನಾನು, ಮೇಲೆ ಎಂದು ಅವನು. ಅಗೆದು ನೋಡಿದರೆ ಎರಡೂ ಕಡೆ ಹಳೆಯ ಕಲ್ಲುಕಟ್ಟು ಸಿಕ್ಕಿತು. ಅದನ್ನು ಕಟ್ಟಿದವರಲ್ಲಿ ಅಪ್ಪಯ್ಯನೂ ಇದ್ದರು ಎಂದು ನೆನಪಾಯಿತು. ಬೆವರು ಒರೆಸಿಕೊಳ್ಳುವವಳ ಹಾಗೆ ಕಣ್ಣೊರೆಸಿಕೊಂಡೆ.

ಕೆಲಸ ಮುಗಿದ ಸಂಜೆ ಎಲ್ಲರೂ ಹೋದ ಮೇಲೆ ಮಾರಪ್ಪ ಅಡ್ಡ ಮರದ ಮೇಲೆ ಕೈಯಿಟ್ಟು ಹೇಳಿದ, "ಇದನ್ನ ಸರಿಸ್ತೀನಿ. ನಿಮ್ಮ ಜೀಪಿಗೆ ಮಾತ್ರ. ಈಗ್ಲೇ ತಗೊಂಡು ಬನ್ನಿ, ಹತ್ತಾಣ."

ನನ್ನ ಕೈ ಆಗಲೇ ಜೇಬಿನಲ್ಲಿದ್ದ ಕೀಲಿಯ ಮೇಲಿತ್ತು. ಆದರೆ ಕಾಲ ಕೆಳಗಿನ ಮಣ್ಣು ಅವಲಕ್ಕಿ ಕಲಸಿದ ಹಾಗೆ ಮೆತ್ತಗಿತ್ತು. ಹಸಿ ಮಣ್ಣಿನ ಮೇಲೆ ಜೀಪು ಹತ್ತಬಾರದು ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು.

"ಸಂಕ್ರಾಂತಿ ಕಳೀಲಿ ಮಾರಪ್ಪಣ್ಣ. ಮಣ್ಣು ಗಟ್ಟಿಯಾಗಲಿ. ಹತ್ತಿದರೆ ಕ್ಲಬ್ಬಿನವರೆಲ್ಲ ಒಬ್ಬೊಬ್ಬರಾಗಿ ಹತ್ತೋಣ."

ಅವನ ಮುಖ ಸಣ್ಣದಾಯಿತು. "ನಿಮ್ಮಪ್ಪಯ್ಯ ಆಗಿದ್ರೆ ಹೋಗಿಬಿಡ್ತಿದ್ರು" ಎಂದ. ಆಮೇಲೆ ಬೇರೆ ಕಡೆ ನೋಡುತ್ತ, "ಎಷ್ಟ್ ವರ್ಷ ಆ ಜೀಪಿನ ಹಿಂದೆ ಓಡಿದೀನಿ. ಈ ಏರನ್ನ ಒಂದ್ಸಲನೂ ಮುಂದೆ ಕೂತ್ಕೊಂಡು ಹತ್ತಿಲ್ಲ ನಾನು. ಅದಕ್ಕೆ ಕೇಳ್ದೆ. ಬ್ಯಾಡಾದ್ರೆ ಬ್ಯಾಡ" ಎಂದ.

ಆದರೂ ನಾನು ಜೀಪು ತರಲಿಲ್ಲ. ಅವನು ಮರ ಸರಿಸಲಿಲ್ಲ. ಸಂಕ್ರಾಂತಿಯವರೆಗೆ ದಾರಿಯಲ್ಲಿ ಸಿಕ್ಕರೂ ಮಾತಾಡಲಿಲ್ಲ. ನಿಯಮ ಹಿಡಿದುಕೊಂಡು ಕೂತು ದಾರಿಯನ್ನೂ ಕಳೆದುಕೊಂಡೆ, ಅವನನ್ನೂ ಕಳೆದುಕೊಂಡೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಸಂಕ್ರಾಂತಿ ಕಳೆದ ಭಾನುವಾರ ಬೆಳಿಗ್ಗೆ ಜೀಪು ತೆಗೆದುಕೊಂಡು ಹೋದೆ. ಕ್ಲಬ್ಬಿನ ಉಳಿದವರು ಹಿಂದೆ ರಸ್ತೆಯಲ್ಲೇ ನಿಂತರು. ಅಡ್ಡ ಮರ ಪಕ್ಕಕ್ಕೆ ಸರಿದಿತ್ತು. ಅದರ ಮೇಲೆ ಮಾರಪ್ಪ ಕೂತಿದ್ದ, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು. ಎದ್ದು ಬಂದು ಮುಂದಿನ ಸೀಟಿನಲ್ಲಿ ಕೂತ.

ಲೋ ಗೇರಿನಲ್ಲಿ ಹತ್ತಿದೆವು. ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಚಕ್ರ ಎಲ್ಲೂ ಕೆರೆಯಲಿಲ್ಲ. ಮಾರಪ್ಪ ಎರಡೂ ಕೈಯಲ್ಲಿ ಎದುರಿನ ಕಂಬಿ ಹಿಡಿದುಕೊಂಡಿದ್ದ. ಅತ್ತಿಮರದ ತಿರುವಿನಲ್ಲಿ, ಏರು ಎಲ್ಲಕ್ಕಿಂತ ಕಡಿದಾಗಿರುವಲ್ಲಿ, ಎಂಜಿನ್ನು ಉಸಿರು ತೆಗೆದುಕೊಳ್ಳಲಿ ಎಂದು ಒಂದು ಕ್ಷಣ ಬ್ರೇಕು ತುಳಿದು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಈಗ ಹೊಸದು, ಕಲ್ಲು ಬೇಕಿಲ್ಲ.

ಮಾರಪ್ಪ ಹಿಂದಕ್ಕೆ ತಿರುಗಿ ನೋಡಿದ. ಹೊರಗೆ ಬಗ್ಗಿ ನೋಡಿದ. ನನ್ನ ಕಡೆಯ ಪುಟ್ಟ ಕನ್ನಡಿಯಲ್ಲಿ ಇಣುಕಿದ. ಅವನ ಮುಖದಲ್ಲಿ ಏನೋ ಗಾಬರಿ.

"ಶಿಲ್ಪಮ್ಮ, ಇಲ್ಲಿಂದ ಹಿಂದಿನ ಚಕ್ರ ಕಾಣೋದೇ ಇಲ್ವಲ್ಲ!"

"ಇಲ್ಲ. ಯಾವತ್ತೂ ಕಾಣ್ತಿರಲಿಲ್ಲ."

"ಹಂಗಾದ್ರೆ ನಾ ಕಲ್ಲು ಕೊಟ್ಟಿದ್ದು ನಿಮ್ಮಪ್ಪಯ್ಯಂಗೆ ಕಾಣ್ತಿರ್ಲಿಲ್ವಾ? ನೋಡ್ಕೊಂಡು ಕಾಲು ತೆಗೀತಾರೆ ಅಂದ್ಕಂಡಿದ್ದೆ ನಾನು."

"ನೋಡ್ತಿರಲಿಲ್ಲ ಮಾರಪ್ಪಣ್ಣ. ನೀನು ಕೊಟ್ಟಿರ್ತೀಯ ಅಂತ ಕಾಲು ತೆಗೀತಿದ್ರು, ಅಷ್ಟೇ."

"ಅಷ್ಟೂ ಜನರನ್ನ ಕೂರಿಸ್ಕಂಡು? ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕಂಡು?"

"ಹೌದು."

ಅವನು ತಿರುವಿನಾಚೆಯ ಪ್ರಪಾತದ ಕಡೆ ನೋಡಿದ. "ಒಂದ್ ಮಾತು ಹೇಳ್ಬೋದಿತ್ತಲ್ಲ ಮಾರಾಯ್ರು" ಎಂದು ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ನಾನೂ ಅಳುತ್ತಿದ್ದೆ. ಕ್ಲಬ್ಬಿನವರು ಕೆಳಗಿನಿಂದ ಏನಾಯ್ತು ಎಂದು ಕೂಗುತ್ತಿದ್ದರು.